ಅಡ್ಡಿಲ್ಲ

ಅಸರ್ ನಮಾಜಿಗೆಂದು ಅರ್ಧ ಎಳೆದ ಶಟರ್,
ಕೈಯಲ್ಲಿ ಎರಡು ಗ್ಲಾಸು ಸುಲೈಮಾನಿ ಚಹಾ.
ಬಗ್ಗಿ ಒಳಬಂದವನು
ಒಂದು ಹೆಜ್ಜೆ ಮೊದಲೇ ನೆಟ್ಟಗಾದೆ.
ಅಷ್ಟೇ. ಹೇಳಿಕೊಳ್ಳಲು ದೊಡ್ಡ ಕತೆಯೂ ಇಲ್ಲ.
ಚಹಾ ಚೆಲ್ಲಲಿಲ್ಲ ಎಂದು
ಮುಫೀಜುಲ್ ಇವತ್ತಿಗೂ ಹೊಗಳುತ್ತಾನೆ.

ಹನ್ನೊಂದು ವಾರವಾಯಿತು.
ಸ್ಕ್ಯಾನಿನಲ್ಲಿ ಏನೂ ಇಲ್ಲ, ಎಂದರು
ಸುಡಾನಿನ ಡಾಕ್ಟರಮ್ಮ ಇಬ್ತಿಹಾಲ್,
ಫಿಲ್ಮನ್ನು ಕಿಟಕಿಗೆ ಹಿಡಿದು.
ಏನೂ ಇಲ್ಲದ್ದು ಎಷ್ಟು ಭಾರ ಎಂದು
ಯಾವ ತಕ್ಕಡಿಯಲ್ಲಿ ತೂಗಿ ತೋರಿಸಲಿ?
ಮೂವತ್ತು ವರ್ಷ ಹೊಲಿದವನ ತಲೆಗೆ
ಒಂದು ಟಾಕಿಯಾದರೂ ಬೀಳಬಾರದಿತ್ತೇ,
ಕಂಡವರು ನಂಬುವುದಕ್ಕೆ!

ಅರ್ಬಾಬ್ ದಿನಾ ಬಂದು ನನ್ನ ಹಣೆ ನೋಡುತ್ತಾನೆ,
ಬಾಡಿಗೆ ಕಾರಿನಲ್ಲಿ ಗೀರು ಹುಡುಕುವವನಂತೆ.
ಗೀರಿಲ್ಲ. ಹಾಗಾದರೆ ಈದ್ ಒಳಗೆ
ನಲವತ್ತು ಅಬಾಯಾ ಆಗುತ್ತದಲ್ಲ?
ಆಗುತ್ತದೆ, ಎಂದೆ.

ತೋಳು ಅಳೆಯುತ್ತೇನೆ: ಇಪ್ಪತ್ತೆಂಟೂವರೆ.
ಟೇಪಿನಿಂದ ಚಾಕ್‌ಪೀಸಿಗೆ ಒಂದು ಮೊಳ ದೂರ.
ಅಷ್ಟರಲ್ಲಿ ಆ ಅರ್ಧ ಇಂಚು ಎಲ್ಲೋ ಇಳಿದಿರುತ್ತದೆ,
ಬಸ್ಸಿನಲ್ಲಿ ನಿದ್ದೆ ಹೋದವನ
ಪಕ್ಕದಿಂದ ಎದ್ದುಹೋದ ಪ್ರಯಾಣಿಕನಂತೆ.
ಈಗ ಮುಂಗೈ ಮೇಲೆ ಬರೆದುಕೊಳ್ಳುತ್ತೇನೆ.
ರಾತ್ರಿ ಸ್ನಾನದಲ್ಲಿ
ಸೀಬಿನ ಹೆಂಗಸರ ತೋಳು, ಭುಜ, ಉದ್ದ
ನೀಲಿಯಾಗಿ ಹರಿದು ಮೋರಿ ಸೇರುತ್ತವೆ.

ವಿಮಾನ ತಗ್ಗಿ ಹಾರಿದರೆ ಹಲ್ಲಿನ ಬುಡ ಜುಮ್ಮೆನ್ನುತ್ತದೆ.
ಬಂಗುಡೆ ಹುರಿದರೆ ಕಾದ ತಾಮ್ರದ ವಾಸನೆ.
ಮೊನ್ನೆ ಸಿಟ್ಟು ತಡೆಯದೆ
ಸಿಪ್ರಿಯನ್ನನ ರೇಡಿಯೋದ ವಯರು ಕಿತ್ತೆ.
ಆಮೇಲೆ ನಾನೇ ಕೂತು ಟೇಪು ಸುತ್ತಿ ಸರಿಮಾಡಿದೆ.
ಅವನು ಏನೂ ಅನ್ನಲಿಲ್ಲ,
ಹಾಡನ್ನು ಮಾತ್ರ ಇನ್ನೂ ಹಾಕಿಲ್ಲ.
ಈಗ ಆ ಮೌನ ತಲೆಯಲ್ಲಿ ಗುಂಯ್‌ಗುಡುತ್ತದೆ.

ಬಿಸಿಲು ಇಳಿದ ಮೇಲೆ ಕಡಲ ದಂಡೆಯಲ್ಲಿ ನಡೆಯುತ್ತೇನೆ.
ಮೊದಲ ವಾರ ಎರಡು ಲೈಟುಕಂಬ, ಈಗ ಒಂಬತ್ತು.
ಹತ್ತನೆಯದಕ್ಕೆ ಆಸೆಪಟ್ಟ ದಿನ
ನೆಲ ದೋಣಿಯಾಯಿತು. ಕಂಬ ತಬ್ಬಿ ನಿಂತೆ.
ಗಾಳ ಹಾಕುತ್ತಿದ್ದ ಹುಡುಗರು
ಕುಡಿದಿದ್ದಾನೆ ಎಂದುಕೊಂಡು ದೂರ ಸರಿದರು.
ಜನ್ಮದಲ್ಲಿ ಮುಟ್ಟಿದವನಲ್ಲ ನಾನು.

ಶುಕ್ರವಾರ ಜಲಜಳ ಫೋನು.
ಈಗ ಹ್ಯಾಂಗಿತ್ತ್?
ಅಡ್ಡಿಲ್ಲ ಮಾರಾಯ್ತಿ.
ನಮ್ಮ ಕುಂದಾಪುರದ ಕಡೆ
ಮದುವೆ ಊಟಕ್ಕೂ ಅಡ್ಡಿಲ್ಲ, ಮುರಿದ ಕಾಲಿಗೂ ಅಡ್ಡಿಲ್ಲ.
ಆದರೆ ಏನೋ ಅಡ್ಡ ಇದೆ, ಜಲಜಾ,
ಹೇಳಹೊರಟ ಮಾತಿಗೂ ನನಗೂ ನಡುವೆ.
ಕತ್ತರಿ ಎಂಬ ಶಬ್ದವೇ ಬರಲಿಲ್ಲ ಅವತ್ತು.
ಮಗಸ್ ಎಂದೆ, ಅರಬ್ಬಿಯಲ್ಲಿ.
ಅವಳು ನಕ್ಕಳು. ಒಳ್ಳೆಯದೇ ಆಯಿತು.

ಒಂದು ಉಪಕಾರವೂ ಆಗಿದೆ, ಒಪ್ಪಬೇಕು.
ಕಪ್ಪಿನ ಮೇಲೆ ಕಪ್ಪು ನೂಲು ಕಾಣುವುದಿಲ್ಲ ಎಂದು
ಇಷ್ಟು ವರ್ಷ ಬೈದುಕೊಂಡ ಬಟ್ಟೆಯೇ
ಈಗ ಕಣ್ಣಿಗೆ ನೆರಳು.
ಕಲ್ಲು, ಜರಿಯ ಮಿಣುಕು ಕೆಲಸವೆಲ್ಲ ಮುಫೀಜುಲನಿಗೆ.
ತಲೆ ಸಿಡಿಯಲು ಶುರುವಾದರೆ
ಮೇಜಿನ ಕೆಳಗೆ ತುಂಡುಬಟ್ಟೆಯ ರಾಶಿಯಲ್ಲಿ
ಹತ್ತು ನಿಮಿಷ ಮುಖ ಹುದುಗಿಸುತ್ತೇನೆ.
ಹೊಸ ಬಟ್ಟೆಯ ಗಂಜಿಯ ವಾಸನೆ
ಇದ್ದ ಹಾಗೇ ಇದೆ.

ಮಂಗಳವಾರ ಒಬ್ಬ ಅಜ್ಜಿ ಬಂದರು, ಮೊಮ್ಮಗಳ ಜೊತೆ.
ನಾನು ಒಂದು ಕಣ್ಣು ಮುಚ್ಚಿ ಟೇಪು ಓದುತ್ತಿದ್ದೆ.
ಏನೂ ಕೇಳದೆ, ಕೋಲಿನ ತುದಿಯಿಂದ
ಗೋಡೆಯ ಸ್ವಿಚ್ಚು ಒತ್ತಿ ಟ್ಯೂಬ್‌ಲೈಟು ಆರಿಸಿದರು.
ಆಮೇಲೆ ತಮ್ಮ ತಲೆಯ ಬಲಗಡೆ ತಟ್ಟಿ,
ಮೆಟ್ಟಿಲು, ಎಂದರು.
ಎರಡು ಬೆರಳು ಎತ್ತಿದರು: ವರ್ಷ.
ಶ್ವಯ್ಯ ಶ್ವಯ್ಯ.

ಎರಡು ವರ್ಷ ಎಂದು ಹೆದರಿಸಿದರೋ,
ಎರಡೇ ವರ್ಷ ಎಂದು ಸಮಾಧಾನ ಹೇಳಿದರೋ,
ನನ್ನ ಅರಬ್ಬಿ ಅಷ್ಟು ಉದ್ದ ಇಲ್ಲ.
ಬಾಗಿಲ ಬೆಳಕಿನಲ್ಲೇ ಅಳೆದೆ. ಐವತ್ತನಾಲ್ಕು.
ಮುಂಗೈ ಮೇಲೆ ಬರೆಯದೆ, ಸುಮ್ಮನೆ ಒಂದು ಸಲ
ಬಾಯಲ್ಲೇ ಇಟ್ಟುಕೊಂಡು ಮೇಜಿನವರೆಗೆ ಹೋದೆ,
ತುಂಬಿದ ಗ್ಲಾಸು ಹಿಡಿದವನ ನಡಿಗೆಯಲ್ಲಿ.